ಗಡಿಯಾರ ಹಿಂದೆ ಬಿದ್ದರೆ, ಮುಂದೆ ಓಡಿದರೆ

ನಮ್ಮ ವಾಚನಾಲಯಕ್ಕೆ ಬರುವ ಬಾಂಧವರಲ್ಲಿ ಅನೇಕರ ಕೈಯಲ್ಲಿ ಈಗಲೂ ಕೀ ಕೊಡುವ ಗಡಿಯಾರ ಉಂಟು. ಹೆಚ್ಚಿನವು ಎಚ್.ಎಂ.ಟಿ.ಯವು. ತಂದೆಯಿಂದ ಬಂದದ್ದು, ಮದುವೆಯಲ್ಲಿ ಮಾವನವರು ಕೊಟ್ಟದ್ದು, ನಿವೃತ್ತಿಯ ದಿನ ಅಣ್ಣನಿಗೆ ಸಿಕ್ಕಿದ್ದು, ಹೀಗೆ ಒಂದೊಂದಕ್ಕೂ ಒಂದು ಹಿನ್ನೆಲೆ. ಅವುಗಳ ಮೇಲಿನ ದೂರು ಮಾತ್ರ ಒಂದೇ: ಟೈಮು ಸರಿಯಾಗಿ ತೋರಿಸುವುದಿಲ್ಲ. ಈ ಮುಂಬಯಿಯಲ್ಲಿ ಲೋಕಲ್ ಗಾಡಿಗೆ ಹೆಸರೇ ಅದರ ವೇಳೆ. ೮-೧೭ರದನ್ನು ಹಿಡಿಯಬೇಕಾದವರ ಗಡಿಯಾರ ಎರಡು ನಿಮಿಷ ಹಿಂದಿದ್ದರೆ ಮುಂದಿನ ಗಾಡಿ, ಮುಂದಿನ ಗಾಡಿಯಲ್ಲಿ ಹೋದರೆ ಹಾಜರಿಯಲ್ಲಿ ತಡದ ಗುರುತು, ತಿಂಗಳ ಕೊನೆಗೆ ಸಂಬಳದಲ್ಲಿ ಕಡಿತ. ಆದಕಾರಣ ಇದು ಹವ್ಯಾಸದವರ ಮಾತು ಮಾತ್ರವಲ್ಲ.

ದೂರು ಒಂದೇ ಆದರೂ ಕಾಯಿಲೆ ಒಂದೇ ಅಲ್ಲ. ಸಾಮಾನ್ಯವಾಗಿ ನಾವು ಮಾಡುವುದೇನು? ಬೀದಿಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕುಳಿತ ರಿಪೇರಿಯವರ ಮುಂದೆ ಗಡಿಯಾರ ಇಟ್ಟು, "ಸ್ವಲ್ಪ ಫಾಸ್ಟ್ ಮಾಡಿಕೊಡಿ" ಎನ್ನುತ್ತೇವೆ. ಅವರು ಹಿಂದಿನ ಮುಚ್ಚಳ ತೆಗೆದು, ಒಳಗಿನ ಒಂದು ಕಡ್ಡಿಯನ್ನು ಸರಿಸಿ, ಮುಚ್ಚಿ, ಕೂಲಿ ತೆಗೆದುಕೊಳ್ಳುತ್ತಾರೆ. ಹದಿನೈದು ದಿನ ಕಳೆದ ಮೇಲೆ ಮತ್ತೆ ಅದೇ ಪಾಡು. ಅವರ ತಪ್ಪೇನೂ ಇಲ್ಲ. ನಾವು ಕೇಳಿದ್ದನ್ನು ಅವರು ಮಾಡಿದರು. ಡಾಕ್ಟರ ಬಳಿ ಹೋಗಿ ಜ್ವರ ಎಂದಿನಿಂದ, ರಾತ್ರಿ ಏರುತ್ತದೆಯೋ ಹಗಲು ಏರುತ್ತದೆಯೋ ಎಂದು ಹೇಳದೆ ಬರೀ "ಮಾತ್ರೆ ಕೊಡಿ" ಎಂದಂತಾಯಿತು ಇದು.

ನಮ್ಮ ಸಲಹೆ ಇಷ್ಟೇ. ಗಡಿಯಾರವನ್ನು ಬಿಚ್ಚಿಸುವ ಮೊದಲು ಒಂದು ವಾರ ಅದರ ಲೆಕ್ಕ ಬರೆಯಿರಿ. ಎಷ್ಟು ತಪ್ಪುತ್ತದೆ ಎನ್ನುವುದಕ್ಕಿಂತ ಹೇಗೆ ತಪ್ಪುತ್ತದೆ ಎನ್ನುವುದರಲ್ಲಿ ಕಾರಣ ಅಡಗಿದೆ.

ಮೊದಲು ಒಳಗೆ ಏನು ನಡೆಯುತ್ತದೆಂದು ಸ್ವಲ್ಪ ತಿಳಿಯಬೇಕು. ಕೀ ಕೊಟ್ಟಾಗ ಸುತ್ತಿಕೊಳ್ಳುವುದು ದೊಡ್ಡ ಸ್ಪ್ರಿಂಗ್, ಅದೇ ಮೇನ್ ಸ್ಪ್ರಿಂಗ್. ಗಡಿಯಾರಕ್ಕೆ ಅನ್ನ ಅದು. ಇನ್ನೊಂದು ಕೂದಲಿನಷ್ಟು ತೆಳುವಾದ ಸ್ಪ್ರಿಂಗ್, ಹೇರ್‌ಸ್ಪ್ರಿಂಗ್. ಇದು ಬ್ಯಾಲೆನ್ಸ್ ಎಂಬ ಪುಟ್ಟ ಚಕ್ರಕ್ಕೆ ಅಂಟಿಕೊಂಡು ಸುರುಳಿಯಾಗಿರುತ್ತದೆ. ಗೋಡೆ ಗಡಿಯಾರದ ಲೋಲಕ ಆ ಕಡೆ ಈ ಕಡೆ ತೂಗುವಂತೆ ಈ ಚಕ್ರ ಆ ಕಡೆ ಈ ಕಡೆ ತಿರುಗುತ್ತದೆ. ಪ್ರತಿ ತಿರುವಿಗೂ ಒಂದು "ಟಿಕ್". ಎಚ್.ಎಂ.ಟಿ. ಜನತಾದಂಥ ಗಡಿಯಾರದಲ್ಲಿ ಸೆಕೆಂಡಿಗೆ ೫ ಟಿಕ್, ಗಂಟೆಗೆ ೧೮,೦೦೦, ದಿನಕ್ಕೆ ೪,೩೨,೦೦೦. ಮೇನ್ ಸ್ಪ್ರಿಂಗ್ ದೂಡುತ್ತದೆ, ಬ್ಯಾಲೆನ್ಸ್ ಎಣಿಸುತ್ತದೆ. ವೇಳೆ ತಪ್ಪಿತೆಂದರೆ ಎಣಿಕೆಯವನ ತಪ್ಪಿರಬಹುದು, ದೂಡುವವನಿಗೆ ಶಕ್ತಿ ಸಾಲದಿರಬಹುದು, ಇಲ್ಲವೆ ಎಣಿಕೆ ಸರಿಯಿದ್ದು ಅದನ್ನು ತೋರಿಸುವ ಮುಳ್ಳು ಜಾರುತ್ತಿರಬಹುದು.

ಎಷ್ಟು ತಪ್ಪಿದರೆ ತಪ್ಪು? ದಿನಕ್ಕೆ ಅರ್ಧ ನಿಮಿಷ ಹೆಚ್ಚು ಕಡಿಮೆಯಾದರೆ ಹಳೆಯ ಸಾಮಾನ್ಯ ಗಡಿಯಾರವನ್ನು ದೂರಬಾರದು. ದಿನಕ್ಕೆ ೮೬,೪೦೦ ಸೆಕೆಂಡು. ಅದರಲ್ಲಿ ೩೦ ಎಂದರೆ ೨,೮೮೦ಕ್ಕೆ ಒಂದು. ೨೮ ರೂಪಾಯಿ ೮೦ ಪೈಸೆಯ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿದಂತೆ. ಸ್ವಿಟ್ಜರ್‌ಲೆಂಡಿನಲ್ಲಿ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ದುಬಾರಿ ಗಡಿಯಾರಗಳಿಗೂ ದಿನದ ಸರಾಸರಿ ೪ ಸೆಕೆಂಡು ಹಿಂದಿನಿಂದ ೬ ಸೆಕೆಂಡು ಮುಂದಿನವರೆಗೆ ರಿಯಾಯಿತಿ ಉಂಟು. ಬ್ಯಾಟರಿಯ ಕ್ವಾರ್ಟ್ಜ್ ಗಡಿಯಾರವಾದರೆ ಅಗ್ಗದ್ದು ಕೂಡ ಇಡೀ ತಿಂಗಳಿಗೆ ೧೫-೨೦ ಸೆಕೆಂಡಿನ ಆಚೆ ಹೋಗುವುದು ಕಡಿಮೆ. ಬರೀ ವೇಳೆ ಮಾತ್ರ ಬೇಕಾದವರು ಅದನ್ನೇ ಕೊಳ್ಳಲಿ, ಅದರಲ್ಲಿ ನಾಚಿಕೆಯಿಲ್ಲ. ಮುಂದೆ ಬರೆದಿರುವುದು ತಂದೆಯ ಗಡಿಯಾರವನ್ನೇ ಕಟ್ಟಿಕೊಳ್ಳಬೇಕು ಎನ್ನುವವರಿಗೆ.

ಲೆಕ್ಕ ಬರೆಯುವ ಕ್ರಮ ಹೀಗೆ. ಹಳೆಯ ನೋಟುಬುಕ್ಕಿನ ಹಾಳೆಯಲ್ಲಿ ನಾಲ್ಕು ಕಲಂ ಗೀರಿ: ತಾರೀಖು, ನೋಡಿದ ವೇಳೆ, ಎಷ್ಟು ಸೆಕೆಂಡು ಮುಂದೆ ಅಥವಾ ಹಿಂದೆ, ರಾತ್ರಿ ಗಡಿಯಾರವನ್ನು ಹೇಗೆ ಇಟ್ಟಿತ್ತು. ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಪೂರ್ತಿ ಕೀ ಕೊಡಿ, ಆಗಲೇ ನೋಡಿ ಬರೆಯಿರಿ. ವಾರದ ನಡುವೆ ಮುಳ್ಳು ತಿರುಗಿಸಿ ಸರಿಮಾಡಬೇಡಿ. ಮಾಡಿದರೆ ಖಾತೆ ಕೆಟ್ಟಿತು. ಹೋಲಿಸಲು ಮೊಬೈಲು ಸಾಕು, ಆದರೆ ಅದು ತನ್ನಿಂದ ತಾನೇ ವೇಳೆ ಹಿಡಿಯುವಂತೆ ಇಟ್ಟಿರಬೇಕು. ನಮ್ಮ ದೇಶದ ವೇಳೆಯನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಶಾಲೆ. ಅದರ ಜಾಲತಾಣದಲ್ಲಿ ಸೆಕೆಂಡು ಸಮೇತ ವೇಳೆ ನೋಡಬಹುದು. ಟಿ.ವಿ.ಯ ಮೂಲೆಯಲ್ಲಿ ಕಾಣುವ ಗಡಿಯಾರವನ್ನು ನೆಚ್ಚಬೇಡಿ, ಚಿತ್ರ ನಮ್ಮ ಮನೆಗೆ ತಲಪುವಷ್ಟರಲ್ಲಿ ಕೆಲವು ಸೆಕೆಂಡು ತಡವಾಗಿರುತ್ತದೆ. ಇನ್ನೊಂದು ಸೂಕ್ಷ್ಮ: ಮೊದಲ ದಿನ ವೇಳೆ ಇಡುವಾಗ ಸೆಕೆಂಡಿನ ಮುಳ್ಳು ೧೨ರ ಮೇಲೆ ಬರುವ ಹೊತ್ತಿಗೆ ನಿಮಿಷದ ಮುಳ್ಳು ಸರಿಯಾಗಿ ಗೀಟಿನ ಮೇಲೆ ನಿಲ್ಲುವಂತೆ ಇಡಿ. ಇದರ ಉಪಯೋಗ ಮುಂದೆ ಬರುತ್ತದೆ.

ವಾರ ಮುಗಿದ ಮೇಲೆ ಹಾಳೆಯನ್ನು ಓದೋಣ. ಒಬ್ಬರ ಹಾಳೆಯಲ್ಲಿ ಸೋಮವಾರ ಸೊನ್ನೆ, ಮಂಗಳವಾರ ೪೦ ಸೆಕೆಂಡು ಮುಂದೆ, ಬುಧವಾರ ೮೨, ಗುರುವಾರ ೧೨೦, ಶುಕ್ರವಾರ ೧೬೧ ಎಂದಿರಲಿ. ದಿನದ ಲೆಕ್ಕ ತೆಗೆದರೆ ೪೦, ೪೨, ೩೮, ೪೧. ಈ ಗಡಿಯಾರ ತಪ್ಪುತ್ತಿದೆ, ಆದರೆ ಒಂದೇ ಹದದಲ್ಲಿ ತಪ್ಪುತ್ತಿದೆ. ಒಳಗೆಲ್ಲ ಆರೋಗ್ಯ. ಇದಕ್ಕೆ ಬೇಕಾದದ್ದು ಆ ಕಡ್ಡಿ ಸರಿಸುವ ಕೆಲಸ ಮಾತ್ರ. ಇನ್ನೊಬ್ಬರ ಹಾಳೆಯಲ್ಲಿ ಮಂಗಳವಾರ ೧೫ ಹಿಂದೆ, ಬುಧವಾರ ೭೦ ಹಿಂದೆ, ಗುರುವಾರ ೬೦ ಹಿಂದೆ, ಶುಕ್ರವಾರ ೧೬೦ ಹಿಂದೆ. ಅಂದರೆ ಒಂದು ದಿನ ೧೫ ಕಳೆದುಕೊಂಡಿತು, ಮರುದಿನ ೫೫, ಆಮೇಲೆ ೧೦ ಗಳಿಸಿತು, ಕೊನೆಗೆ ೧೦೦ ಕಳೆದುಕೊಂಡಿತು. ಇದರ ಕಡ್ಡಿಯನ್ನು ಯಾವ ಕಡೆ ಸರಿಸಿದರೂ ಪ್ರಯೋಜನವಿಲ್ಲ. ಇದಕ್ಕೆ ಬಿಚ್ಚಿ ತೊಳೆಯುವ ಕೆಲಸ ಬೇಕು. ಎರಡು ಗಡಿಯಾರಗಳೂ ವಾರದ ಕೊನೆಗೆ ಸುಮಾರು ಎರಡೂವರೆ ನಿಮಿಷ ತಪ್ಪಿವೆ ಎಂಬುದನ್ನು ನೋಡಿ. ಲೆಕ್ಕ ಬರೆಯದಿದ್ದರೆ ಎರಡಕ್ಕೂ ಒಂದೇ ಮದ್ದು ಆಗುತ್ತಿತ್ತು.

ಆ ಕಡ್ಡಿಯ ವಿಷಯ. ಬ್ಯಾಲೆನ್ಸಿನ ಮೇಲಿರುವ ಸೇತುವೆಯಂಥ ಪಟ್ಟಿಯ ಮೇಲೆ ಅದು ಕೂತಿರುತ್ತದೆ, ಪಕ್ಕದಲ್ಲಿ + ಮತ್ತು − ಗುರುತು. ಹಳೆಯ ವಿಲಾಯಿತಿ ಗಡಿಯಾರಗಳಲ್ಲಿ ಎಫ್ ಮತ್ತು ಎಸ್, ಅಥವಾ ಫ್ರೆಂಚ್ ರೂಢಿಯಂತೆ ಎ ಮತ್ತು ಆರ್ ಇರುವುದುಂಟು. ಕಡ್ಡಿಯನ್ನು + ಕಡೆಗೆ ಸರಿಸಿದರೆ ಹೇರ್‌ಸ್ಪ್ರಿಂಗಿನ ಕೆಲಸ ಮಾಡುವ ಉದ್ದ ಕಡಿಮೆಯಾಗಿ ಚಕ್ರ ಬೇಗ ಬೇಗ ತೂಗುತ್ತದೆ. ಕೂದಲೆಳೆಯಷ್ಟು ಸರಿಸಿದರೆ ದಿನಕ್ಕೆ ನಿಮಿಷಗಟ್ಟಲೆ ವ್ಯತ್ಯಾಸ ಬಂದೀತು. ಅಡುಗೆಮನೆಯ ಚಾಕುವಿನಿಂದ ಮುಚ್ಚಳ ಎಬ್ಬಿಸಿ ಸೂಜಿಯಿಂದ ಇದನ್ನು ದೂಡುವವರೂ ನಮ್ಮಲ್ಲಿ ಇದ್ದಾರೆ. ಸೂಜಿ ಜಾರಿದರೆ ಪಕ್ಕದಲ್ಲೇ ಹೇರ್‌ಸ್ಪ್ರಿಂಗ್. ಅದು ಒಮ್ಮೆ ಬಾಗಿತೆಂದರೆ ಮೊದಲಿನಂತೆ ಮಾಡಬಲ್ಲವರು ಬಹಳ ಕಡಿಮೆ. ದಯವಿಟ್ಟು ಈ ಸಾಹಸ ಬೇಡ.

ಹಾಳೆಯ ನಾಲ್ಕನೆಯ ಕಲಂ ಏಕೆಂದು ಕೆಲವರು ಕೇಳಬಹುದು. ಗಡಿಯಾರವು ಮಲಗಿದಾಗ ಒಂದು ರೀತಿ, ನಿಂತಾಗ ಒಂದು ರೀತಿ ಓಡುತ್ತದೆ. ಮುಖ ಮೇಲಾಗಿ ಮಲಗಿಸಿದರೆ ಬ್ಯಾಲೆನ್ಸಿನ ಅಚ್ಚು ತನ್ನ ತುದಿಯ ಮೇಲೆ ಮಾತ್ರ ನಿಂತಿರುತ್ತದೆ. ಬುಗುರಿ ಮೊಳೆಯ ಮೇಲೆ ತಿರುಗುವಂತೆ ಸಲೀಸು. ಗೋಡೆಗೆ ತೂಗುಹಾಕಿದರೆ ಅಚ್ಚು ಪಕ್ಕಕ್ಕೆ ಒರಗಿ ಉಜ್ಜುತ್ತದೆ, ತೂಗಾಟ ಕಿರಿದಾಗುತ್ತದೆ. ಚಕ್ರದ ತೂಕ ಒಂದು ಕಡೆ ತುಸು ಹೆಚ್ಚಿದ್ದರಂತೂ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದು ಭಾನುವಾರ ಇಡೀ ದಿನ ಮುಖ ಮೇಲಾಗಿ, ಇನ್ನೊಂದು ರಜಾದಿನ ಕೀ ಗುಂಡಿ ಕೆಳಗಾಗಿ ನಿಲ್ಲಿಸಿ ಇಟ್ಟು ನೋಡಿರಿ. ಎರಡರ ನಡುವೆ ಹತ್ತಿಪ್ಪತ್ತು ಸೆಕೆಂಡಿನ ಅಂತರ ಸಹಜ. ಒಂದೆರಡು ನಿಮಿಷದ ಅಂತರವಿದ್ದರೆ ಗಡಿಯಾರ ಎಂದೋ ಕೆಳಗೆ ಬಿದ್ದು ಅಚ್ಚಿನ ತುದಿ ಬಾಗಿರಬಹುದು ಎಂದು ಶಂಕಿಸಬೇಕು. ಸಹಜವಾದ ಅಂತರದಿಂದ ಒಂದು ಲಾಭವೂ ಉಂಟು. ಹಗಲೆಲ್ಲ ಕೈಯಲ್ಲಿ ೧೫ ಸೆಕೆಂಡು ಮುಂದೆ ಹೋಗುವ ಗಡಿಯಾರ, ಗುಂಡಿ ಕೆಳಗಾಗಿ ನಿಲ್ಲಿಸಿದರೆ ಹಿಂದೆ ಬೀಳುವಂಥದ್ದಾಗಿದ್ದರೆ, ರಾತ್ರಿ ಹಾಗೆಯೇ ನಿಲ್ಲಿಸಿ ಮಲಗಿ. ಹಗಲಿನ ಸಾಲ ರಾತ್ರಿ ತೀರುತ್ತದೆ. ಕಾಸಿನ ಖರ್ಚಿಲ್ಲ, ಮುಚ್ಚಳ ತೆಗೆಯಬೇಕಾಗಿಲ್ಲ.

ನಿನ್ನೆಯವರೆಗೆ ಸರಿಯಿದ್ದ ಗಡಿಯಾರ ಇದ್ದಕ್ಕಿದ್ದಂತೆ ದಿನಕ್ಕೆ ಹತ್ತು ನಿಮಿಷ, ಅರ್ಧ ಗಂಟೆ ಮುಂದೆ ಓಡತೊಡಗಿದರೆ ಮೊದಲು ಅಯಸ್ಕಾಂತದ ಮೇಲೆ ಸಂಶಯ ಪಡಿ. ಹೇರ್‌ಸ್ಪ್ರಿಂಗಿಗೆ ಕಾಂತತ್ವ ಹತ್ತಿದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ. ಅಂಟಿದಷ್ಟು ಉದ್ದ ಕಡಿಮೆಯಾಯಿತು, ಕಡಿಮೆಯಾದಷ್ಟು ಓಟ ಹೆಚ್ಚಿತು. ಹಿಂದಿನ ಕಾಲದಲ್ಲಿ ಮೋಟಾರು, ಡೈನಮೋಗಳ ಬಳಿ ದುಡಿಯುವವರಿಗೆ ಈ ತೊಂದರೆ ಇತ್ತು. ಈಗ ಅಯಸ್ಕಾಂತ ಎಲ್ಲರ ಜೇಬಿನಲ್ಲೂ ಇದೆ: ಮೊಬೈಲಿನ ಸ್ಪೀಕರು, ತಟ್ಟನೆ ಮುಚ್ಚಿಕೊಳ್ಳುವ ಮೊಬೈಲು ಚೀಲ, ಕೈಚೀಲದ ಬಿರಡೆ, ಕಿವಿಗೆ ಹಾಕುವ ಯಂತ್ರದ ಡಬ್ಬಿ. ರಾತ್ರಿ ಮಲಗುವಾಗ ಗಡಿಯಾರವನ್ನು ಬಿಚ್ಚಿ ಮೊಬೈಲಿನ ಮೇಲೆಯೇ ಇಡುವ ಅಭ್ಯಾಸ ಹಲವರಿಗೆ ಉಂಟು, ಅದನ್ನು ಬಿಡಿ. ಪರೀಕ್ಷೆಗೆ ಶಾಲೆಯ ಮಕ್ಕಳ ದಿಕ್ಸೂಚಿ ಸಾಕು. ದಿಕ್ಸೂಚಿಯನ್ನು ಮರದ ಮೇಜಿನ ಮೇಲಿಟ್ಟು, ಮೊಬೈಲನ್ನು ದೂರ ಇಟ್ಟು, ಗಡಿಯಾರದ ನಡುಭಾಗವನ್ನು ಅದರ ಹತ್ತಿರ ತನ್ನಿ. ಮುಳ್ಳು ಸರ್ರನೆ ತಿರುಗಿದರೆ ಅಥವಾ ಟಿಕ್ ಟಿಕ್ ಜೊತೆ ನಡುಗಿದರೆ ಕಾಂತತ್ವ ಹತ್ತಿದೆ ಎನ್ನಬಹುದು. ಉಕ್ಕಿನ ಪಟ್ಟಿ ಇದ್ದರೆ ಅದೂ ಮುಳ್ಳನ್ನು ತುಸು ಎಳೆದೀತು, ಅದನ್ನು ನೋಡಿ ಮೋಸಹೋಗಬೇಡಿ. ಇದರ ಚಿಕಿತ್ಸೆ ಬಹು ಸುಲಭ. ರಿಪೇರಿಯವರ ಬಳಿ ಕಾಂತತ್ವ ತೆಗೆಯುವ ಒಂದು ಪುಟ್ಟ ಯಂತ್ರ ಇರುತ್ತದೆ. ಮುಚ್ಚಳ ತೆಗೆಯದೆ ಕೆಲವೇ ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಇಷ್ಟಕ್ಕೆ "ಪೂರ್ತಿ ಬಿಚ್ಚಬೇಕು" ಎಂದು ಯಾರಾದರೂ ಹೇಳಿದರೆ, ಮೊದಲು ಯಂತ್ರದ ಮೇಲೆ ಇಟ್ಟು ನೋಡಿರೆಂದು ವಿನಯದಿಂದಲೇ ಕೇಳಿ. ಆಮೇಲೂ ಓಟ ನಿಲ್ಲದಿದ್ದರೆ ಪೆಟ್ಟು ಬಿದ್ದು ಸುರುಳಿ ಸಿಕ್ಕಾಗಿರಬಹುದು, ಇಲ್ಲವೆ ಹೇರ್‌ಸ್ಪ್ರಿಂಗಿಗೆ ಎಣ್ಣೆ ತಾಗಿ ಅಂಟಿರಬಹುದು. ಆಗ ಬಿಚ್ಚಲೇಬೇಕು.

ಹಿಂದೆ ಬೀಳುವ ಗಡಿಯಾರಗಳಲ್ಲಿ ದೊಡ್ಡ ಕಾರಣ ಒಣಗಿದ ಎಣ್ಣೆ. ಜನತಾದಂಥ ೧೭ ಕಲ್ಲಿನ ಗಡಿಯಾರದಲ್ಲಿ ಅಚ್ಚುಗಳು ಕೆಂಪು ಕಲ್ಲುಗಳೊಳಗೆ ತಿರುಗುತ್ತವೆ, ಕಲ್ಲಿಗೆ ಕಾಣದಷ್ಟು ಸಣ್ಣ ಹನಿ ಎಣ್ಣೆ. ನಾಲ್ಕೈದು ವರ್ಷದಲ್ಲಿ ಆ ಎಣ್ಣೆ ಗಟ್ಟಿಯಾಗಿ, ಧೂಳು ಸೇರಿ ಮಡ್ಡಿಯಾಗುತ್ತದೆ. ಮುಂಬಯಿಯ ಬೆವರು, ಸಮುದ್ರದ ಗಾಳಿ ಎರಡೂ ಇದಕ್ಕೆ ಸಹಾಯಕ. ಆದರೆ ಕೊಳೆಯಾದ ಗಡಿಯಾರ ಹಿಂದೆಯೇ ಬೀಳಬೇಕೆಂಬ ನಿಯಮವಿಲ್ಲ. ಮೇಲೆ ಹೇಳಿದಂತೆ ಅದು ಒಂದೊಂದು ದಿನ ಒಂದೊಂದು ಬಗೆ. ಇನ್ನೊಂದು ಪರೀಕ್ಷೆ: ಬೆಳಿಗ್ಗೆ ಎಂಟಕ್ಕೆ ಪೂರ್ತಿ ಕೀ ಕೊಟ್ಟು ಮೇಜಿನ ಮೇಲೆ ಮಲಗಿಸಿ, ಕೈಗೆ ಕಟ್ಟದೆ ಬಿಡಿ. ಆರೋಗ್ಯವಾದದ್ದು ಸುಮಾರು ೪೦ ಗಂಟೆ, ಎಂದರೆ ಮರುದಿನ ನಡುರಾತ್ರಿಯ ತನಕ ಓಡಬೇಕು. ಮೊದಲ ಹನ್ನೆರಡು ಗಂಟೆ ಸರಿಯಿದ್ದು, ಎರಡನೆಯ ಹನ್ನೆರಡು ಗಂಟೆಯಲ್ಲಿ ಬಹಳ ಬದಲಾದರೆ, ಅಥವಾ ಮರುದಿನ ಬೆಳಿಗ್ಗೆಗೇ ನಿಂತರೆ, ಮೇನ್ ಸ್ಪ್ರಿಂಗ್ ಸೋತಿದೆ ಅಥವಾ ಕೊಳೆ ತುಂಬಿದೆ.

"ಕೀ ಹೆಚ್ಚಾಗಿ ಕೊಟ್ಟದ್ದರಿಂದ ನಿಂತಿತು" ಎಂಬ ಮಾತು ಊರಿನಲ್ಲೂ ಇಲ್ಲೂ ಕೇಳುತ್ತೇವೆ. ಈ ಹೆದರಿಕೆಯಿಂದ ಅನೇಕರು ಅರ್ಧ ಕೀ ಕೊಟ್ಟು ಬಿಡುತ್ತಾರೆ, ಅರ್ಧ ಹೊಟ್ಟೆಯಲ್ಲಿ ಗಡಿಯಾರ ಸಂಜೆಗೆ ಸುಸ್ತಾಗುತ್ತದೆ. ಪೂರ್ತಿ ಸುತ್ತಿದ ಮೇಲೆ ಗುಂಡಿ ತಾನಾಗಿ ಬಿಗಿಯಾಗಿ ನಿಲ್ಲುತ್ತದೆ. ಅಲ್ಲಿಗೆ ಬಿಡಿ, ಬಲವಂತ ಬೇಡ. ಪೂರ್ತಿ ಕೀ ಇದ್ದೂ ಓಡದ ಗಡಿಯಾರಕ್ಕೆ ಕೀ ಹೆಚ್ಚಾದದ್ದಲ್ಲ, ಕೊಳೆ ಹೆಚ್ಚಾದದ್ದು. ಕೀ ಕೊಡಬೇಕಾಗಿಲ್ಲದ ಆಟೋಮ್ಯಾಟಿಕ್ ಗಡಿಯಾರದವರಿಗೆ ಬೇರೊಂದು ಮಾತು. ಅದು ಕೈಯ ಅಲ್ಲಾಟದಿಂದ ಕೀ ಪಡೆಯುತ್ತದೆ. ಗೋದಾಮಿನಲ್ಲಿ ಮೂಟೆ ಎತ್ತುವವರ ಕೈಯಲ್ಲಿ ಅದಕ್ಕೆ ಯಥೇಚ್ಛ ಊಟ. ನಮ್ಮಂಥ ಗುಮಾಸ್ತರದು ಬಲಗೈ ಬರೆಯುತ್ತದೆ, ಗಡಿಯಾರ ಕಟ್ಟಿದ ಎಡಗೈ ಮೇಜಿನ ಮೇಲೆ ಕಾಗದ ಹಿಡಿದು ಮಲಗಿರುತ್ತದೆ. ಅಂಥ ಗಡಿಯಾರ ಭಾನುವಾರ ಗೂಟದಲ್ಲಿ ತೂಗಿ ಸೋಮವಾರ ಬೆಳಿಗ್ಗೆ ಹಿಂದೆ ಬಿದ್ದಿದ್ದರೆ ಆಶ್ಚರ್ಯವಿಲ್ಲ, ರಿಪೇರಿಯೂ ಬೇಡ.

ಇನ್ನು ಜಾರುವ ಮುಳ್ಳಿನ ಸಂಗತಿ. ಮೊದಲ ದಿನ ನಿಮಿಷದ ಮುಳ್ಳನ್ನು ಗೀಟಿನ ಮೇಲೆ ಸರಿಯಾಗಿ ಇಡಿ ಎಂದೆವು. ಎರಡು ದಿನ ಬಿಟ್ಟು ನೋಡಿ: ಸೆಕೆಂಡಿನ ಮುಳ್ಳು ಮೊಬೈಲಿನ ಸೆಕೆಂಡಿಗೆ ಸರಿಸುಮಾರು ಹೊಂದಿಕೊಂಡಿದೆ, ಆದರೆ ಅದು ೧೨ರ ಮೇಲೆ ಬಂದಾಗ ನಿಮಿಷದ ಮುಳ್ಳು ಎರಡು ಗೀಟುಗಳ ನಡುವೆ ಎಲ್ಲೋ ಇದೆ, ಒಟ್ಟಿನಲ್ಲಿ ಐದು ನಿಮಿಷ ಹಿಂದೆ. ಈ ಗಡಿಯಾರದ ಎಣಿಕೆಯಲ್ಲಿ ದೋಷವಿಲ್ಲ. ಮುಳ್ಳುಗಳನ್ನು ಹೊತ್ತಿರುವ ಸಣ್ಣ ಕೊಳವೆ ತನ್ನ ಅಚ್ಚಿನ ಮೇಲೆ ಸಡಿಲವಾಗಿ ಜಾರುತ್ತಿದೆ. ಮುಳ್ಳು ತಿರುಗಿಸುವಾಗ ಗುಂಡಿ ತೀರ ಹಗುರವಾಗಿ ತಿರುಗುವುದೂ ಇದರ ಗುರುತು. ಇದನ್ನು ಬಿಗಿಮಾಡುವುದು ತಿಳಿದವರಿಗೆ ಸಣ್ಣ ಕೆಲಸ. ತಿಳಿಯದವರು ಇದನ್ನೇ ನಿಧಾನದ ಗಡಿಯಾರವೆಂದು ಬಗೆದು ಕಡ್ಡಿ ಸರಿಸಿ, ಸರಿಯಿದ್ದ ಎಣಿಕೆಯನ್ನೂ ಕೆಡಿಸುತ್ತಾರೆ. ಪ್ರತಿದಿನ ಒಂದೇ ವೇಳೆಗೆ ನಿಲ್ಲುವ ಗಡಿಯಾರದಲ್ಲಿ ಒಂದು ಮುಳ್ಳು ಇನ್ನೊಂದಕ್ಕೆ ತಾಗುತ್ತಿರಬಹುದು. ತಾರೀಖು ತೋರಿಸುವ ಗಡಿಯಾರ ನಡುರಾತ್ರಿಯ ಆಸುಪಾಸಿನಲ್ಲಿ ಮಾತ್ರ ಎಡವಿದರೆ, ತಾರೀಖಿನ ಚಕ್ರ ಎಳೆಯುವಷ್ಟು ಶಕ್ತಿ ಅದಕ್ಕಿಲ್ಲವೆಂದು ತಿಳಿಯಿರಿ.

ಬಿಸಿಲಿಗೂ ಗಡಿಯಾರಕ್ಕೂ ಹಳೆಯ ವೈರ. ಹಿಂದಿನ ಉಕ್ಕಿನ ಹೇರ್‌ಸ್ಪ್ರಿಂಗ್ ಒಂದು ಡಿಗ್ರಿ ಸೆಕೆ ಏರಿದರೆ ದಿನಕ್ಕೆ ಸುಮಾರು ೧೦ ಸೆಕೆಂಡು ಹಿಂದೆ ಬೀಳುತ್ತಿತ್ತು. ಸ್ವಿಟ್ಜರ್‌ಲೆಂಡಿನ ಗಡಿಯಾರದವರ ಮನೆತನದಲ್ಲಿ ಹುಟ್ಟಿದ ಗಿಯೋಮ್ ಎಂಬ ವಿಜ್ಞಾನಿ, ಉಕ್ಕಿಗೆ ನಿಕಲ್ ಬೆರೆಸಿ ಸೆಕೆಗೆ ಜಗ್ಗದ ಲೋಹಗಳನ್ನು ಕಂಡುಹಿಡಿದನು. ಆ ಕೆಲಸಕ್ಕಾಗಿ ೧೯೨೦ರ ನೊಬೆಲ್ ಪಾರಿತೋಷಕ ಅವನಿಗೆ ಬಂತು. ಅದರಿಂದಾಗಿ ಮೇ ತಿಂಗಳಿನಲ್ಲಿ ನಮ್ಮ ಗಡಿಯಾರ ನಾಲ್ಕೈದು ಸೆಕೆಂಡು ಆಚೀಚೆಯಾದೀತೇ ಹೊರತು ಅದಕ್ಕಿಂತ ಹೆಚ್ಚಿಗೆ ಬಿಸಿಲನ್ನು ದೂರುವಂತಿಲ್ಲ. ಮಳೆಯ ಮಾತು ಬೇರೆ. ಗಾಜಿನ ಒಳಗೆ ಮಂಜು ಕಂಡರೆ ವಾರದ ಲೆಕ್ಕವೂ ಬೇಡ, ಏನೂ ಬೇಡ, ಅಂದೇ ರಿಪೇರಿಗೆ ಕೊಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಒಣಗುತ್ತದೆಂದು ನಂಬಿ ಕುಳಿತರೆ ಅಷ್ಟರಲ್ಲಿ ಒಳಗಿನ ಉಕ್ಕಿಗೆ ತುಕ್ಕು ಹಿಡಿದಿರುತ್ತದೆ. ಹಳೆಯ ಗಡಿಯಾರದ ರಬ್ಬರು ಗಟ್ಟಿಯಾಗಿ ನೀರು ತಡೆಯಲಾರದು. ಜೂನ್‌ನಿಂದ ಸಪ್ಟೆಂಬರ್ ತನಕ ಸ್ಟೇಷನ್ನಿನವರೆಗೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೇಬಿನಲ್ಲಿಡುವುದು ಕ್ಷೇಮ.

ಇಷ್ಟೆಲ್ಲ ಜಾಗ್ರತೆ ಏಕೆಂದರೆ ಕೆಟ್ಟ ಭಾಗಕ್ಕೆ ಬದಲಿ ಭಾಗ ಸಿಗುವುದು ವರ್ಷ ವರ್ಷಕ್ಕೂ ಕಷ್ಟವಾಗುತ್ತಿದೆ. ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ೧೯೬೧ರಲ್ಲಿ ನಮ್ಮ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಆರಂಭವಾಯಿತು, ಮುಂದೆ ತುಮಕೂರಿನಲ್ಲಿಯೂ ಒಂದಾಯಿತು. ೨೦೧೬ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರಕಾರ ತೀರ್ಮಾನಿಸಿತು. ಇನ್ನು ಬಿಡಿಭಾಗ ಬರಬೇಕಾದರೆ ಹಳೆಯ ದಾಸ್ತಾನಿನಿಂದ ಬರಬೇಕು, ಇಲ್ಲವೆ ಇನ್ನೊಂದು ಗಡಿಯಾರದ ಹೊಟ್ಟೆಯಿಂದ ಬರಬೇಕು. ಹತ್ತು ಗಡಿಯಾರದ ಭಾಗ ಸೇರಿಸಿ, ಮುಖಕ್ಕೆ ಥಳಥಳಿಸುವ ಹೊಸ ಬಣ್ಣ ಬಳಿದು ಮಾರುವ ಗಡಿಯಾರಗಳು ಪೇಟೆಯಲ್ಲಿ ಧಾರಾಳ. ಸಂಗ್ರಹ ಮಾಡುವವರು ಅವನ್ನು "ಮುಂಬೈ ಸ್ಪೆಷಲ್" ಎಂದು ಹಾಸ್ಯ ಮಾಡುತ್ತಾರೆ. ನಮ್ಮ ಊರಿನ ಹೆಸರು ಹೀಗೆ ಸೇರಿದ್ದಕ್ಕೆ ಸಂತೋಷಪಡುವಂತಿಲ್ಲ. ತಂದೆಯ ಅಸಲು ಗಡಿಯಾರ ಇದ್ದವರು ಅದರ ಒಳಗಿನ ಭಾಗ ಅದರಲ್ಲೇ ಇರುವಂತೆ ನೋಡಿಕೊಳ್ಳಬೇಕು.

ಆದ್ದರಿಂದ ಕೊಡುವ ಮೊದಲು ಮುಖದ್ದೂ ಹಿಂಬದಿಯದೂ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಅಂಗಡಿಯಲ್ಲಿ ಮುಚ್ಚಳ ತೆಗೆದಾಗ ಒಳಗಿನದ್ದೂ ಒಂದು ಚಿತ್ರ ತೆಗೆದುಕೊಳ್ಳಲು ಅನುಮತಿ ಕೇಳಿ. ಒಳ್ಳೆಯ ಕೆಲಸಗಾರರು ಬೇಡವೆನ್ನುವುದಿಲ್ಲ. ವಾರದ ಹಾಳೆಯನ್ನು ಅವರ ಮುಂದಿಡಿ. ಟಿಕ್ ಸದ್ದು ಕೇಳಿ ಅಳೆಯುವ ಟೈಮ್‌ಗ್ರಾಫರ್ ಯಂತ್ರ ಇದ್ದರೆ ಅದರ ಮೇಲೆ ಇಟ್ಟು ತೋರಿಸಿರೆಂದು ಕೇಳಿ. ಪೂರ್ತಿ ಕೀ ಕೊಟ್ಟು ಮಲಗಿಸಿದಾಗ ಬ್ಯಾಲೆನ್ಸಿನ ತೂಗಾಟ ೨೭೦ ಡಿಗ್ರಿಯ ಸುಮಾರು ಇದ್ದರೆ ಚೆನ್ನ. ೨೦೦ಕ್ಕಿಂತ ಕೆಳಗಿದ್ದರೆ ತೊಳೆಯದೆ ಕಡ್ಡಿ ಸರಿಸುವುದು ವ್ಯರ್ಥ. ಯಾವುದಾದರೂ ಭಾಗ ಬದಲಾಯಿಸಿದರೆ ಹಳೆಯದನ್ನು ಪೊಟ್ಟಣ ಕಟ್ಟಿ ಕೊಡಿರೆಂದು ಮೊದಲೇ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಮರಳಿ ತಂದ ಮೇಲೆ ಮತ್ತೊಂದು ವಾರ ಲೆಕ್ಕ ಬರೆಯಿರಿ. ತೊಳೆದು ಎಣ್ಣೆ ಹಾಕಿದ ಗಡಿಯಾರ ದಿನಕ್ಕೆ ಇಂತಿಷ್ಟೇ ಎಂದು ಒಂದೇ ಹದದಲ್ಲಿ ಓಡತೊಡಗಿದ್ದರೆ ಕೂಲಿ ಸಾರ್ಥಕ. ಉಳಿದ ಹತ್ತಿಪ್ಪತ್ತು ಸೆಕೆಂಡನ್ನು ಈಗ ಕಡ್ಡಿಯಿಂದ ತಿದ್ದಿಸಿಕೊಳ್ಳಬಹುದು. ಇನ್ನೂ ಒಂದೊಂದು ದಿನ ಒಂದೊಂದು ಬಗೆ ಇದ್ದರೆ ಆ ಎರಡನೆಯ ಹಾಳೆಯನ್ನು ಹಿಡಿದುಕೊಂಡು ತಡಮಾಡದೆ ಅದೇ ಅಂಗಡಿಗೆ ಹೋಗಿ.

ವಾಚನಾಲಯದ ಪತ್ರಿಕೆಗಳ ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ದಿಕ್ಸೂಚಿಯನ್ನೂ ಗೀಟು ಎಳೆದ ಕೆಲವು ಹಾಳೆಗಳನ್ನೂ ಇಟ್ಟಿದ್ದೇವೆ. ಭಾನುವಾರ ಬೆಳಿಗ್ಗೆ ಬಂದವರು ಕೇಳಿ ಪಡೆಯಬಹುದು. ದಿಕ್ಸೂಚಿಯನ್ನು ಮಾತ್ರ ಮನೆಗೆ ಒಯ್ಯುವಂತಿಲ್ಲ.